ವೀಳ್ಯ ಕೊಡದೆ ಬದಲಾದ ಡಾಕ್ಟರು

ನಮ್ಮಪ್ಪನ ಎಡಗಾಲನ್ನು ತಿಂದದ್ದು ಸಕ್ಕರೆ ಕಾಯಿಲೆ ಎಂದು ಊರೆಲ್ಲ ಹೇಳುತ್ತದೆ. ನಾನು ಹಾಗೆ ಹೇಳುವುದಿಲ್ಲ. ಟೀವಿಯಲ್ಲಿ ಒಬ್ಬ ನಟ ಪಾತ್ರ ಬಿಟ್ಟು ಹೋದ, ಅವನ ಜಾಗಕ್ಕೆ ಇನ್ನೊಬ್ಬ ಬಂದ, ಅದರಿಂದ ನಮ್ಮಪ್ಪನ ಕಾಲು ಹೋಯಿತು. ಕೇಳಿದವರು ನಗುತ್ತಾರೆ. ನಗಲಿ. ಆ ದಿನಗಳಲ್ಲಿ ಅಜ್ಜಂಪುರ, ತರೀಕೆರೆ, ಕಡೂರು ಎಂದು ಹುಚ್ಚಿಯ ಹಾಗೆ ಓಡಾಡಿದವಳು ನಾನು, ನಗುವವರಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಅಜ್ಜಂಪುರದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇತ್ತು. ಅದರ ಎದುರಿಗೆ ಈರುಳ್ಳಿ ಮಂಡಿ ಸಾಹುಕಾರರ ಮನೆ. ಅವರ ಮನೆಗೆ ಟೀವಿ ಬಂದಾಗ ಮಾಳಿಗೆಯ ಮೇಲೆ ಉದ್ದನೆಯ ಕಬ್ಬಿಣದ ಪೈಪು ನಿಲ್ಲಿಸಿ ಆಂಟೆನಾ ಕಟ್ಟಿಸಿದರು. ಗಾಳಿ ಬೀಸಿದರೆ ಚಿತ್ರ ಹೋಗುತ್ತಿತ್ತು. ಸಾಹುಕಾರರೇ ಪಂಚೆ ಎತ್ತಿ ಕಟ್ಟಿ ಮೇಲೆ ಹತ್ತಿ ಪೈಪು ತಿರುಗಿಸುತ್ತಿದ್ದರು. ಕೆಳಗಿನಿಂದ ಅವರ ಹೆಂಡತಿ "ಬಂತು, ಬಂತು, ಅಯ್ಯೋ ಹೋಯ್ತು" ಎಂದು ಕೂಗುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಕಾಣುತ್ತಿದ್ದದ್ದು ಜರಡಿ ಹಿಡಿದಾಗ ಉದುರುವ ಹಿಟ್ಟಿನೊಳಗೆ ಓಡಾಡುವ ಮನುಷ್ಯರು.

ಭಾನುವಾರ ಬೆಳಿಗ್ಗೆ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ಮುಂದೆಂದೋ ಬರಲಿರುವ ಕಾಲದ ಒಂದು ಆಸ್ಪತ್ರೆಯ ಕಥೆ. ಅಲ್ಲಿ ಒಬ್ಬ ಡಾಕ್ಟರು ಕಳೆದುಹೋದ ಕೈಕಾಲುಗಳನ್ನು ಮತ್ತೆ ಬೆಳೆಸುತ್ತಾನೆ. ಗಾಜಿನ ದೊಡ್ಡ ತೊಟ್ಟಿಯಲ್ಲಿ ನೀರಿನಂಥದ್ದೇನೋ ತುಂಬಿ, ಗುಳ್ಳೆ ಏಳಿಸಿ, ಅದರೊಳಗೆ ರೋಗಿಯನ್ನು ಮಲಗಿಸುತ್ತಾರೆ. ಮೊದಲನೇ ವಾರವೇ ಬಟ್ಟೆ ಗಿರಣಿಯ ಯಂತ್ರಕ್ಕೆ ಬಲಗೈ ಕೊಟ್ಟ ಹೆಂಗಸೊಬ್ಬಳನ್ನು ಆ ತೊಟ್ಟಿಗೆ ಇಳಿಸಿದರು. ಅವಳ ಕೈ ವಾರಕ್ಕಿಷ್ಟು ಚಿಗುರುತ್ತದೆ ಎಂಬುದೇ ಕಥೆಯ ಜೀವ. ನಾನು ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿಕೊಂಡಿದ್ದರಿಂದ ಪಡಸಾಲೆ ತುಂಬ ಕೂತವರಿಗೆಲ್ಲ ನಾನೇ ಕನ್ನಡದಲ್ಲಿ ಹೇಳಬೇಕಾಗಿತ್ತು.

ಆ ಡಾಕ್ಟರ ಪಾತ್ರ ಮಾಡುತ್ತಿದ್ದವನು ತೆಳ್ಳಗಿನ, ಕಿವಿಯ ಹತ್ತಿರ ನರೆತ ಮನುಷ್ಯ. ಬೆಳಕು ಬರುವ ಡಬ್ಬಿಯೊಳಗೆ ಕೈ ಇಟ್ಟು ಶುದ್ಧ ಮಾಡಿಕೊಳ್ಳುತ್ತಿದ್ದ. ಆಮೇಲೆ ರೋಗಿಯನ್ನು ಮುಟ್ಟುವ ಮೊದಲು ಒಂದು ಗಳಿಗೆ ಸುಮ್ಮನೆ ನಿಂತು ಮುಖ ನೋಡಿ ಏನೋ ಕೇಳುತ್ತಿದ್ದ.

"ಏನಂದ ಹೇಳೇ ಮಗಾ" ಅಂದರು ಅಪ್ಪ, ಮೊದಲ ಸಲ.

"ಊಟ ಆಯ್ತಾ ಅಂತ ಕೇಳ್ದ ಅಪ್ಪ."

ಅಪ್ಪನ ಮುಖ ಅರಳಿತು. "ನೋಡು, ಡಾಕ್ಟ್ರು ಅಂದ್ರೆ ಹಿಂಗಿರ್ಬೇಕು ಕಣೇ. ಕಾಯಿಲೆ ಆಮ್ಯಾಕೆ, ಮನುಷ್ಯ ಮೊದ್ಲು."

ಅವತ್ತಿನಿಂದ ಅಪ್ಪ ಭಾನುವಾರ ಬೆಳಿಗ್ಗೆ ಗಿರಣಿಯ ಬೆಲ್ಟು ಕಳಚಿಬಿಡುತ್ತಿದ್ದರು. ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಒಗೆದ ಅಂಗಿ ತೊಟ್ಟು ಸಾಹುಕಾರರ ಮನೆಗೆ ಹೊರಟರೆ ನೋಡಿದವರು ಯಾವುದೋ ಮಠಕ್ಕೆ ಹೊರಟಿದ್ದಾರೆ ಅನ್ನಬೇಕು. ಅಮ್ಮ ಬೈಯುತ್ತಿದ್ದರು. ರಾಗಿ ಬೀಸಿಸಲು ಬಂದ ಹೆಂಗಸರು ತಲೆಯ ಮೇಲಿನ ಪುಟ್ಟಿ ಇಳಿಸಿ ಬಾಗಿಲಲ್ಲೇ ಕಾಯುತ್ತಿದ್ದರು, ಕಾದು ಕಾದು ಕೊನೆಗೆ ಅವರೂ ಬಂದು ಟೀವಿ ಮುಂದೆ ಕೂರುತ್ತಿದ್ದರು.

ಅಪ್ಪನಿಗೆ ಈ ಹುಚ್ಚು ಹಿಡಿಯುವುದಕ್ಕೆ ಕಾರಣವಿತ್ತು. ಅವರು ಆಟದವರು. ನಮ್ಮ ಮೂಲ ಹಳ್ಳಿಯ ಬಯಲಾಟದಲ್ಲಿ ಹರೆಯದಿಂದ ರಾಕ್ಷಸನ ಪಾತ್ರ ಅವರದೇ. ಆ ಹಳ್ಳಿಯಲ್ಲಿ ಒಂದು ಕಟ್ಟಳೆ ಇದೆ. ಪಾತ್ರವನ್ನು ಯಾರೂ ಸುಮ್ಮನೆ ಬಿಟ್ಟು ಹೋಗುವಂತಿಲ್ಲ, ಯಾರೂ ಸುಮ್ಮನೆ ಬಂದು ಹಿಡಿಯುವಂತಿಲ್ಲ. ಬಿಡುವವನು ಕೊನೆಯ ಸಲ ವೇಷ ಕಟ್ಟಿ ರಂಗಕ್ಕೆ ಬಂದು, ಎಲ್ಲರ ಎದುರಿಗೆ ತನ್ನ ತಲೆಯ ಕಿರೀಟ ತೆಗೆದು ಹೊಸಬನ ತಲೆಗೆ ಕಟ್ಟಬೇಕು. ಕೈಗೆ ಎಲೆಅಡಿಕೆ ಕೊಟ್ಟು "ಒಪ್ಪಿಸಿದೀನಿ" ಅನ್ನಬೇಕು. ಅದಕ್ಕೆ ವೀಳ್ಯ ಕೊಡುವುದು ಅಂತಲೇ ಹೆಸರು. ಮೊಣಕಾಲು ಹಿಡಿದುಕೊಂಡಾಗ ಅಪ್ಪ ತಮ್ಮ ತಮ್ಮನಿಗೆ, ಅಂದರೆ ನಮ್ಮ ಚಿಕ್ಕಪ್ಪನಿಗೆ, ಹಾಗೆಯೇ ಒಪ್ಪಿಸಿದ್ದರು. ವೀಳ್ಯ ಆಗದೆ ಕುಣಿದವನನ್ನು ಜನ ಪಾತ್ರ ಅನ್ನುವುದಿಲ್ಲ, ಬಟ್ಟೆ ಹಾಕಿಕೊಂಡವನು ಅನ್ನುತ್ತಾರೆ.

ಇಂಥವರ ಎದುರಿಗೆ ಒಂದು ಭಾನುವಾರ ಆ ಡಾಕ್ಟರು ಬದಲಾದ.

ಹೇಳಲಿಲ್ಲ, ಕೇಳಲಿಲ್ಲ. ಹಿಂದಿನ ವಾರ ತೆಳ್ಳಗಿನವನು ಬಾಗಿಲು ದಾಟಿ ಹೊರಗೆ ಹೋಗಿದ್ದ. ಈ ವಾರ ಅದೇ ಬಾಗಿಲಿನಿಂದ ದಪ್ಪ ಮೀಸೆಯ ಗುಂಡುಗುಂಡಗಿನವನು ಒಳಗೆ ಬಂದ. ಎಲ್ಲರೂ ಅವನನ್ನು ಹಳೆಯ ಹೆಸರಿನಿಂದಲೇ ಕರೆದರು. ಅವನು ಡಬ್ಬಿಯೊಳಗೆ ಕೈ ಇಡಲೂ ಇಲ್ಲ, ರೋಗಿಯ ಮುಖ ನೋಡಲೂ ಇಲ್ಲ. ನೋಡಿದ್ದೆಲ್ಲ ನಮ್ಮ ಕಡೆಗೇ.

"ಇವನ್ಯಾವನೇ?" ಅಂದರು ಅಪ್ಪ.

"ಅದೇ ಡಾಕ್ಟ್ರಂತೆ ಅಪ್ಪ. ಆಳು ಬದಲಾಗವ್ನೆ ಅಷ್ಟೇ."

"ಅಷ್ಟೇ ಅಂದ್ರೆ? ಇವನಿಗೆ ಒಪ್ಸಿದ್ಯಾರು?"

ಮುಂದಿನ ವಾರಗಳಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಬದಲಾದರು. ನರ್ಸು ಹೋಗಿ ತಟ್ಟೆ ಹಿಡಿಯಲೂ ಬಾರದ ಇನ್ನೊಬ್ಬಳು ಬಂದಳು. ಆ ಆಸ್ಪತ್ರೆಯಲ್ಲಿದ್ದ ಮಾತಾಡುವ ಯಂತ್ರದ ದನಿ ಗಂಡಸಿನದಿದ್ದದ್ದು ಹೆಂಗಸಿನದಾಯಿತು. ಗಾಜಿನ ತೊಟ್ಟಿಯನ್ನು ತೋರಿಸುವುದನ್ನೇ ನಿಲ್ಲಿಸಿ, ಅದರೊಳಗೆ ಬಗ್ಗಿ ನೋಡಿ "ವಾಹ್" ಅನ್ನುವವರ ಮುಖಗಳನ್ನಷ್ಟೇ ತೋರಿಸತೊಡಗಿದರು. ತೊಟ್ಟಿಯ ಹೆಂಗಸನ್ನೂ ಬಿಡಲಿಲ್ಲ. ಒಂದು ವಾರ ಅವಳನ್ನು ಹೊರಗೆ ಕೂರಿಸಿ ಮಾತಾಡಿಸಿದರು. ಬೇರೆ ಹೆಂಗಸು. ಹೋಗಲಿ ಅಂದರೆ, ಇವಳಿಗೆ ಬಲಗೈ ನೆಟ್ಟಗಿತ್ತು, ಎಡಗೈಗೆ ಬಟ್ಟೆ ಸುತ್ತಿದ್ದರು. ಸಾಹುಕಾರರ ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕರು. ಅಪ್ಪ ನಗಲಿಲ್ಲ. ಎದ್ದು ಹೋಗಿ ಗಿರಣಿಯ ಬಾಗಿಲಲ್ಲಿ ಕೂತುಕೊಂಡರು.

ಜನ ಉದುರಿಹೋದರು. ಬಾಗಿಲ ಬಳಿ ಚಪ್ಪಲಿಯ ರಾಶಿ ಬೀಳುತ್ತಿದ್ದ ಮನೆಯಲ್ಲಿ ಕೊನೆಗೆ ನಮ್ಮಿಬ್ಬರ ಚಪ್ಪಲಿ ಮಾತ್ರ. ಸಾಹುಕಾರರು ಮಂಡಿಗೆ ಹೋಗುತ್ತಿದ್ದರು, ಅವರ ಹೆಂಡತಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂರುತ್ತಿದ್ದರು. ಅಪ್ಪ ಮಾತ್ರ ಬೈದುಕೊಂಡೇ ಪ್ರತಿ ವಾರ ನೋಡಿದರು. ಆ ಹೆಂಗಸಿನ ಕೈ ಏನಾಯಿತು ಅಂತ ಗೊತ್ತಾಗದೆ ಬಿಡುವ ಹಾಗಿಲ್ಲ ಎಂಬುದು ಅವರ ವಾದ.

ಅವರ ಎಡಗಾಲಿಗೆ ಹೊಸ ಚಪ್ಪಲಿ ಕಚ್ಚಿದ್ದು ಆ ದಿನಗಳಲ್ಲೇ. ಸಕ್ಕರೆ ಕಾಯಿಲೆಯ ಕಾಲು, ನೋವೇ ತಿಳಿಯಲಿಲ್ಲ. ಅರಿಶಿನ ಹಚ್ಚಿದರು, ಬೇವಿನ ಸೊಪ್ಪು ಅರೆದು ಕಟ್ಟಿದರು. ಗಿರಣಿಯಲ್ಲಿ ಬಿಸಿ ರಾಗಿ ಹಿಟ್ಟಿನ ವಾಸನೆಯ ನಡುವೆ ಬೇರೆ ವಾಸನೆಯೊಂದು ನನ್ನ ಮೂಗಿಗೆ ಬಡಿದಾಗ ಹೆಗ್ಗಣ ಸತ್ತಿದೆ ಎಂದು ಮೂಲೆಮೂಲೆ ಹುಡುಕಿದೆ. ಆಮೇಲೆ ಅಪ್ಪನ ಕಾಲಿನ ಬಟ್ಟೆ ಬಿಚ್ಚಿದೆ. ಎರಡು ಬೆರಳು ಕಪ್ಪಾಗಿದ್ದವು.

ತರೀಕೆರೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿದ್ದ ಡಾಕ್ಟರು ವಯಸ್ಸಾದವರು, ಸಾವಧಾನದವರು. ಅಪ್ಪ ಮಂಚದ ಮೇಲೆ ಕೂತ ಕೂಡಲೇ ಅವರು ಕೇಳಿದ ಮೊದಲ ಮಾತು, "ಯಜಮಾನ್ರೇ, ಊಟ ಆಯ್ತಾ?"

ರಕ್ತದ ಸಕ್ಕರೆ ನೋಡುವ ಮೊದಲು ಯಾವ ಡಾಕ್ಟರಾದರೂ ಕೇಳುವ ಪ್ರಶ್ನೆ ಅದು. ಅಪ್ಪನಿಗೆ ಅದು ಹಾಗೆ ಕೇಳಿಸಲಿಲ್ಲ. ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಮೊದಲನೆಯ ಡಾಕ್ಟರು ಟೀವಿ ಬಿಟ್ಟು ಎಲ್ಲಿಗೆ ಹೋಗಿದ್ದ ಎಂಬುದಕ್ಕೆ ಅವರಿಗೆ ಉತ್ತರ ಸಿಕ್ಕಿತ್ತು.

"ಎರಡು ಬೆರಳು ಕೊಟ್ಟುಬಿಡಿ, ಕಾಲು ನಿಮ್ದು" ಅಂದರು ಡಾಕ್ಟರು.

"ಮತ್ತೆ ಬೆಳೆಯಾಕಿಲ್ವಾ ಸ್ವಾಮಿ?"

ಡಾಕ್ಟರು ನಕ್ಕರು. ಅವರೂ ಆ ಧಾರಾವಾಹಿ ನೋಡುತ್ತಿದ್ದವರೇ. "ಆ ತೊಟ್ಟಿ ನಮ್ಮಲ್ಲಿಲ್ಲ ಯಜಮಾನ್ರೇ."

"ಹೋಗ್ಲಿ ಬಿಡಿ. ಎರಡು ಬೆರಳು ತಾನೇ, ತಗೊಳ್ಳಿ" ಎಂದು ಅಪ್ಪ ಒಪ್ಪಿದರು. ಆದರೆ ಅಮಾವಾಸ್ಯೆ ಕಳೆಯಲಿ ಅಂದರು. ಅಮ್ಮನೂ ಹೌದೆಂದರು. ಅಷ್ಟರಲ್ಲಿ ಏನಾಗುತ್ತದೆ ಮಹಾ ಎಂದು ನಾನೂ ಸುಮ್ಮನಾದೆ.

ಅಮಾವಾಸ್ಯೆ ಕಳೆದು ಆಸ್ಪತ್ರೆಗೆ ಹೋದರೆ ಆ ಡಾಕ್ಟರಿಗೆ ಕಡೂರಿಗೆ ವರ್ಗವಾಗಿತ್ತು. ಅವರ ಕುರ್ಚಿಯಲ್ಲಿ ಒಬ್ಬ ಹೆಣ್ಣುಮಗಳು, ನನಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು. ಚುರುಕಿನವಳು. ಸೀದಾ ಬಂದು ಬಟ್ಟೆ ಬಿಚ್ಚಿ ಕಾಲು ನೋಡಿದಳು. "ಯಾಕಿಷ್ಟು ತಡ ಮಾಡಿದ್ರಿ? ಅಡ್ಮಿಟ್ ಆಗಿ. ನಾಳೆ ಬೆಳಿಗ್ಗೆನೇ ತೆಗೀಬೇಕು."

ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡರು. "ಇಲ್ಲೂ ಆಳು ಬದಲಾಯ್ಸಿದ್ರಾ?"

"ಏನಂದ್ರಿ?"

"ಅವರು ನಿಮಗೆ ಒಪ್ಸಿ ಹೋದ್ರೇನವ್ವಾ ನನ್ನ?"

ಆಕೆಗೆ ಅರ್ಥವಾಗಲಿಲ್ಲ. ನಾನು ಅರ್ಥ ಮಾಡಿಸಲು ಹೋಗಿ ಟೀವಿ, ಬಯಲಾಟ, ಕಿರೀಟ ಎಂದು ತಡವರಿಸಿದೆ. ಆಕೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ನೋಡಿ, ನಾನು ಯಾರ ವೇಷಾನೂ ಹಾಕ್ಕೊಂಡು ಬಂದಿಲ್ಲ. ಓದಿ ಬಂದಿದೀನಿ" ಎಂದು ಹೇಳಿ ಮುಂದಿನ ಮಂಚಕ್ಕೆ ಹೋದಳು. ಆಕೆಯದೇನೂ ತಪ್ಪಿರಲಿಲ್ಲ. ಅಪ್ಪ ಮಂಚ ಹಿಡಿದು ಮಲಗಿದರು, ಚುಚ್ಚುಮದ್ದು ಹಾಕಿಸಿಕೊಂಡರು, ಗುಳಿಗೆ ನುಂಗಿದರು. ಕತ್ತರಿಯ ಮಾತು ಬಂದರೆ ಮಾತ್ರ ಬಾಯಿಗೆ ಬೀಗ.

ಅಮ್ಮ ಅತ್ತರು, ಬೈದರು, ಊಟ ಬಿಟ್ಟರು. "ಉಗುರಲ್ಲಿ ಹೋಗೋದಕ್ಕೆ ಕೊಡ್ಲಿ ಕೇಳ್ತಾವ್ರಲ್ಲೇ ನಿಮ್ಮಪ್ಪ!" ಎಂದು ವಾರ್ಡಿನವರಿಗೆಲ್ಲ ಕೇಳುವ ಹಾಗೆ ಕೂಗಿದರು. ಅಪ್ಪ ಗೋಡೆ ಕಡೆ ತಿರುಗಿಕೊಂಡರು.

"ಹಠ ಅಲ್ಲ ಕಣೇ ಮಗಾ" ಅಂದರು ನನ್ನೊಬ್ಬಳಿಗೆ, ಮೆಲ್ಲಗೆ. "ಆ ವಯ್ಯ ಬದಲಾದ್ಮೇಲೆ ಏನಾಯ್ತು ನೋಡ್ದಲ್ಲ. ಬಲಗೈ ಹೋಗಿ ಎಡಗೈ ಆಯ್ತು. ಯಾವ ಕೈ ಹೋಗಿತ್ತು ಅಂತಾನೂ ಅವನಿಗೆ ಗೊತ್ತಿಲ್ಲ. ಒಪ್ಸಿದ್ರೆ ತಾನೇ ಗೊತ್ತಾಗೋದು? ಈಯಮ್ಮ ನನ್ನ ಬಲಗಾಲು ಕೊಯ್ದ್ರೆ ಏನ್ ಮಾಡ್ತೀಯ?"

ಅವರಿಗೆ ಹೆದರಿಕೆಯಾಗಿತ್ತು. ಊರಿಗೆಲ್ಲ ಅಬ್ಬರಿಸುತ್ತಿದ್ದ ರಾಕ್ಷಸ ಕಂಬಳಿಯೊಳಗೆ ನಡುಗುತ್ತಿದ್ದ. ಅಪ್ಪ ಹೆದರಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕಡೂರಿಗೆ ಹೋದೆ. ತರೀಕೆರೆಯಿಂದ ರೈಲು ಹತ್ತಿ ಬೀರೂರಿನಲ್ಲಿಳಿದು, ಅಲ್ಲಿಂದ ಬಸ್ಸು. ಹಳೆಯ ಡಾಕ್ಟರು ಒಂದು ಕಚೇರಿಯಲ್ಲಿ ಕೂತಿದ್ದರು. ಅಲ್ಲಿ ಅವರು ಕತ್ತರಿ ಹಿಡಿಯುವ ಹಾಗಿರಲಿಲ್ಲ, ಆರೋಗ್ಯ ಶಿಬಿರಗಳ ಉಸ್ತುವಾರಿಯಷ್ಟೇ. ಇಲ್ಲದಿದ್ದರೆ ಅಪ್ಪನನ್ನೇ ಹೊತ್ತು ತರುತ್ತಿದ್ದೆ. ನನ್ನ ಮಾತು ಕೇಳಿ ಅವರು ಮೊದಲು ನಕ್ಕರು. "ಆ ಹುಡುಗಿ ಕೈ ನನ್ನ ಕೈಗಿಂತ ಚೆನ್ನಾಗಿದೆ ಕಣಮ್ಮಾ. ಹೇಳು ನಿಮ್ಮಪ್ಪನಿಗೆ" ಎಂದು ಕಳಿಸಿದರು. ಬಂದು ಹೇಳಿದೆ. "ಅವರ ಬಾಯಿಂದ ಬರ್ಲಿ" ಅಂದರು ಅಪ್ಪ. ಬಟ್ಟೆ ಬಿಚ್ಚಿದಾಗ ಮೂರನೆಯ ಬೆರಳೂ ಕಪ್ಪಾಗಿತ್ತು.

ಮತ್ತೆ ಹೋದೆ. ಡಾಕ್ಟರು ಹಳ್ಳಿಯ ಶಿಬಿರಕ್ಕೆ ಹೋಗಿದ್ದರು. ಯಾವ ಹಳ್ಳಿ ಎಂದು ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳಿದರು. ಬಿಸಿಲಲ್ಲಿ ಎರಡು ಹಳ್ಳಿ ತಿರುಗಿದೆ. ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಕೈಯಲ್ಲಿ ಹಿಡಿದುಕೊಂಡು ನಡೆದೆ. ಅಪ್ಪನ ಕಾಲು ಈಗ ಎಲ್ಲಿಯವರೆಗೆ ಕಪ್ಪಾಗಿರಬಹುದು ಎಂಬ ಯೋಚನೆ ಬಿಟ್ಟು ತಲೆಯಲ್ಲಿ ಬೇರೇನೂ ಇರಲಿಲ್ಲ. ಸಂಜೆ ಬೀರೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು, ಬಂದವರು ಹೋದವರು ನೋಡುತ್ತಿದ್ದರೂ ನಾಚಿಕೆ ಬಿಟ್ಟು ಅತ್ತೆ. ಆ ಮೀಸೆಯ ನಟನಿಗೆ, ಅವನನ್ನು ಕರೆತಂದವರಿಗೆ, ಮೊದಲನೆಯವನನ್ನು ಕಳಿಸಿದವರಿಗೆ ಬಾಯಿಗೆ ಬಂದ ಶಾಪವೆಲ್ಲ ಹಾಕಿದೆ. ಅವರಿಗೆ ಅಜ್ಜಂಪುರ ಎಂಬ ಊರಿರುವುದೇ ಗೊತ್ತಿರಲಾರದು.

ಮೂರನೇ ಸಲ ಹೋದಾಗ ನಾನು ಬೇಡಲಿಲ್ಲ, ಜಗಳವಾಡಿದೆ. "ನೀವು ಎರಡು ಎಲೆ, ಒಂದು ಅಡಿಕೆ ಕೊಟ್ಟು ಒಂದು ಮಾತು ಹೇಳ್ಬೇಕು ಸಾರ್. ಅಷ್ಟಕ್ಕೆ ಒಬ್ಬ ಮನುಷ್ಯ ಕೊಳೀತಾವ್ನೆ" ಅಂದೆ. ಡಾಕ್ಟರು ಈ ಸಲ ನಗಲಿಲ್ಲ. "ಯಾವ ಮಟ್ಟಕ್ಕೆ ಬಂದಿದೆ?" ಎಂದು ಕೇಳಿದರು. ಪಾದದ ಗಂಟು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಆಮೇಲೆ ಎದ್ದು ನನ್ನ ಜೊತೆಯಲ್ಲೇ ಹೊರಟರು.

ವಾರ್ಡಿನಲ್ಲಿ ಅಪ್ಪ ಎದ್ದು ಕೂತರು. ತಲೆಗೆ ರುಮಾಲು ಸುತ್ತಿಸಿಕೊಂಡರು. ತಟ್ಟೆ ಇರಲಿಲ್ಲ, ಊಟದ ಕ್ಯಾರಿಯರಿನ ಮುಚ್ಚಳದಲ್ಲಿ ಎಲೆಅಡಿಕೆ ಇಟ್ಟೆ. ಹೊಸ ಡಾಕ್ಟರು ಕೈಕಟ್ಟಿ ನಿಂತಿದ್ದರು. "ಇದೇನ್ ಸಾರ್, ನಿಶ್ಚಿತಾರ್ಥಾನಾ?" ಅಂದರು. ಹಳೆಯವರು ನಾಚಿಕೊಂಡೇ ಮುಚ್ಚಳ ಎತ್ತಿ ಆಕೆಯ ಕೈಗೆ ಕೊಟ್ಟರು.

"ಈ ಯಜಮಾನ್ರನ್ನ ನಿಮ್ಮ ಕೈಗೆ ಒಪ್ಪಿಸಿದೀನಿ. ಎಡಗಾಲು."

ಆ ಕೊನೆಯ ಮಾತು ಅವರಿಗೆ ಹೇಗೆ ಹೊಳೆಯಿತೋ ಗೊತ್ತಿಲ್ಲ. ಅಪ್ಪ ದೊಡ್ಡದೊಂದು ಉಸಿರು ಬಿಟ್ಟರು. ಹೊಸ ಡಾಕ್ಟರು ಮುಚ್ಚಳ ಹಿಡಿದುಕೊಂಡು, ಆಗ ಮೊದಲ ಸಲ ಕಾಲು ಬಿಟ್ಟು ಅಪ್ಪನ ಮುಖ ನೋಡಿದರು.

"ಊಟ ಆಯ್ತೇನವ್ವಾ?" ಎಂದು ಅಪ್ಪನೇ ಕೇಳಿದರು.

ಆಕೆ ಮುಚ್ಚಳವನ್ನು ಕಿಟಕಿಯ ಮೇಲಿಟ್ಟು, ಬಟ್ಟೆ ಬಿಚ್ಚಿ, ಬೆರಳಿನಿಂದ ಒತ್ತುತ್ತ ಮೇಲೆ ಮೇಲೆ ಬಂದರು. ಹಳೆಯ ಡಾಕ್ಟರೂ ಬಗ್ಗಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬೆರಳಲ್ಲ, ಪಾದವಲ್ಲ, ಮೊಣಕಾಲಿನ ಮೇಲೆ ತೆಗೆಯಬೇಕು ಅಂದರು.

"ನಿಮ್ಮ ಕೈಗೆ ಒಪ್ಸಾಯ್ತಲ್ಲ. ಎಲ್ಲಿ ಕೊಯ್ದ್ರೂ ಸರಿ" ಅಂದರು ಅಪ್ಪ, ಸಲೀಸಾಗಿ.

ನನಗೆ ತಲೆ ಕೆಟ್ಟುಹೋಯಿತು. ಎರಡು ಬೆರಳು ಕೊಡಲಾರೆ ಎಂದು ಅಷ್ಟು ದಿನ ನಮ್ಮನ್ನು ಸಾಯಿಸಿದ ಮನುಷ್ಯ ಎರಡು ವೀಳ್ಯದೆಲೆ ಕೈ ಬದಲಾದ ಮೇಲೆ ಇಡೀ ಕಾಲು ಕೊಟ್ಟುಬಿಟ್ಟರು. ಹೊರಗೆ ಬಂದು ಆಸ್ಪತ್ರೆಯ ಹಿಂದಿನ ನಲ್ಲಿಯ ಕೆಳಗೆ ತಲೆ ಹಿಡಿದೆ. ಸಿಟ್ಟು ಇಳಿಯಲಿಲ್ಲ. ಇವತ್ತಿಗೂ ಪೂರ್ತಿ ಇಳಿದಿಲ್ಲ.

ಕತ್ತರಿಸಿದ ಕಾಲನ್ನು ನಮಗೇ ಕೊಟ್ಟರು. ಅಪ್ಪ ಮೊದಲೇ ಚಿಕ್ಕಪ್ಪನಿಗೆ ಹೇಳಿ ಇಟ್ಟಿದ್ದರು. "ನಮ್ಮ ಹೊಲದಾಗೆ, ನಾಳೆ ನನ್ನ ಕೂರ್ಸೋ ಜಾಗದಾಗೇ ಹೂಳ್ರೋ. ಬಸ್ಸಲ್ಲಿ ಟವಲ್ ಹಾಕಿ ಸೀಟ್ ಹಿಡಿದಂಗೆ, ಅದು ಮುಂದಾಗಿ ಹೋಗಿ ಜಾಗ ಹಿಡಿದಿರ್ಲಿ." ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಗುಂಡಿಯೊಳಗೆ ಚಕ್ಕಂಬಕ್ಕಲ ಹಾಕಿ, ಪೂಜೆಗೆ ಕೂತ ಹಾಗೆ ಕೂರಿಸುತ್ತಾರೆ. ಚಿಕ್ಕಪ್ಪ ಕಾಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಗಿರಣಿಯ ಗೋಣಿಚೀಲದಲ್ಲಿಟ್ಟುಕೊಂಡು ಅಜ್ಜಂಪುರದ ಬಸ್ಸು ಹತ್ತಿದರು. "ಏನ್ ಯಜಮಾನ್ರೇ ಅದು?" ಎಂದು ಕಂಡಕ್ಟರು ಕೇಳಿದ್ದಕ್ಕೆ "ನಮ್ಮಣ್ಣ" ಅಂದರಂತೆ. ಕಂಡಕ್ಟರು ಮತ್ತೆ ಆ ಕಡೆ ಬರಲಿಲ್ಲವಂತೆ.

ಕೆಲವು ದಿನ ಅಪ್ಪ ಚೆನ್ನಾಗಿದ್ದರು. ಆಮೇಲೆ ಜ್ವರ ಹತ್ತಿತು. ಔಷಧಿ ಬದಲಾಯಿಸಿದರು, ಬೆಂಗಳೂರಿನಿಂದ ಚುಚ್ಚುಮದ್ದು ತರಿಸಿದರು. ಜ್ವರ ಇಳಿಯುವುದು, ಮತ್ತೆ ಏರುವುದು. ಅಮ್ಮ ವಿಭೂತಿ ಗಟ್ಟಿಯನ್ನು ತೇದು ತೇದು ಅಪ್ಪನ ಹಣೆಗೆ ಹಚ್ಚುತ್ತಿದ್ದರು. ಅದು ಕಾವಿಗೆ ಒಣಗಿ ದಿಂಬಿನ ಮೇಲೆ ಉದುರುತ್ತಿತ್ತು.

ಇದರ ನಡುವೆ ಹೊಸ ಡಾಕ್ಟರನ್ನೂ ಒಂದು ಶಿಬಿರಕ್ಕೆ ಹಾಕಿದರು. ಹೊರಡುವ ಮುನ್ನ ಆಕೆ ವಾರ್ಡಿಗೆ ಬಂದರು. ಜೊತೆಯಲ್ಲಿ ಇನ್ನೊಬ್ಬ ಡಾಕ್ಟರು. ಆಕೆಯ ಕೈಯಲ್ಲಿ ಗೇಟಿನ ಬೀಡಾ ಅಂಗಡಿಯಿಂದ ಕೊಂಡ ಎಲೆ, ಅಡಿಕೆ. ಯಾರೂ ಕೇಳಿರಲಿಲ್ಲ. ಆಕೆ ಅದನ್ನು ಆ ಡಾಕ್ಟರ ಕೈಗಿಟ್ಟು, ಅಪ್ಪನ ಮುಖ ನೋಡುತ್ತ, "ಯಜಮಾನ್ರೇ, ನಾನು ಬರೋವರೆಗೂ ಇವರಿಗೆ ಒಪ್ಪಿಸಿದೀನಿ" ಅಂದರು. ನನ್ನ ಕಣ್ಣು ತುಂಬಿತು. ಈ ಹೆಣ್ಣುಮಗಳ ಕಾಲಿಗೆ ಬೀಳಬೇಕು ಅನ್ನಿಸಿತು.

ಅಪ್ಪ ಜ್ವರದ ಕಣ್ಣು ಬಿಟ್ಟು ಆಕೆಯನ್ನು ದಿಟ್ಟಿಸಿದರು. "ಮೊದ್ಲೇ ಹಿಂಗ್ ಮಾಡಿದ್ರೆ ಕಾಲು ಉಳೀತಿತ್ತಲ್ಲವ್ವಾ" ಅಂದರು.

ಆಕೆ ಹೊರಗೆ ಹೋದರು. ವರಾಂಡದಲ್ಲಿ ಕಂಬ ಹಿಡಿದು ನಿಂತಿದ್ದನ್ನು ನೋಡಿದೆ. ಅಪ್ಪ ಹೇಳಿದ್ದು ಸುಳ್ಳು, ಆಕೆಯಿಂದ ಏನೂ ಹೋಗಲಿಲ್ಲ. ಆದರೆ ಅಪ್ಪ ಹೇಳಿದ್ದು ನಿಜವೂ ಹೌದು. ಆ ಒಂದು ಮಾತಿನ ಮೇಲೆ ನಾನು ಅಪ್ಪನ ಜೊತೆ ಮನಸ್ಸಿನಲ್ಲೇ ಎಷ್ಟು ವರ್ಷ ಜಗಳವಾಡಿದ್ದೇನೆ.

ಅದರ ಮರುದಿನ ಭಾನುವಾರ. "ಹೋಗಿ ನೋಡ್ಕಂಡು ಬಾರೇ. ಆ ಹೆಂಗ್ಸಿನ ಕೈ ಏನಾಯ್ತೋ" ಎಂದು ಅಪ್ಪ ನನ್ನನ್ನು ಅಟ್ಟಿದರು. ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಟೀವಿ ಇತ್ತು. ಹೋಗಿ ಮೂಲೆಯ ಬೆಂಚಿನಲ್ಲಿ ಕೂತೆ. ಸಮಯವಾಯಿತು. ಧಾರಾವಾಹಿಯ ಬದಲಿಗೆ ಹೂವುಗಳ ಚಿತ್ರ ತೋರಿಸಿ ಸಿತಾರ್ ಹಾಕಿದರು. ಆಮೇಲೆ ಸೀರೆ ಉಟ್ಟ ಹೆಂಗಸೊಬ್ಬಳು ಬಂದು, ಆ ಕಾರ್ಯಕ್ರಮ ಮುಗಿದಿದೆ, ಮುಂದಿನ ವಾರದಿಂದ ಬೇರೊಂದು ಬರುತ್ತದೆ ಎಂದು ನಗುತ್ತ ಹೇಳಿದಳು. ಹೋಟೆಲಿನಲ್ಲಿ ಯಾರೂ ತಲೆ ಎತ್ತಿ ನೋಡಲಿಲ್ಲ.

ವಾಪಸು ಬಂದೆ. ಅಪ್ಪ ಕಣ್ಣಲ್ಲೇ ಕೇಳಿದರು.

"ನಿಲ್ಸಿಬಿಟ್ರು ಅಪ್ಪ."

"ಕೈ ಬಂತಾ?"

"ತೋರಿಸ್ಲೇ ಇಲ್ಲ."

"ಅವಳ್ನ ತೊಟ್ಟಿಯೊಳಗೇ ಬಿಟ್ಟು ಹೊಂಟೋದ್ರಾ ಎಲ್ರೂ? ಯಾರಿಗೂ ಒಪ್ಸದೆ?" ಅಂದರು ಅಪ್ಪ. "ಅಯ್ಯೋ ಪಾಪ." ಅದೇ ಅವರು ತಿಳಿವಿನಲ್ಲಿ ಆಡಿದ ಕೊನೆಯ ಮಾತು. ಮಂಗಳವಾರ ಮಧ್ಯಾಹ್ನ ಹೋಗಿಬಿಟ್ಟರು.

ಹೊಲದಲ್ಲಿ ಗುಂಡಿ ತೋಡಿದರು. ಕಾಲು ಹೂತ ಜಾಗವನ್ನು ಚಿಕ್ಕಪ್ಪ ಕಲ್ಲಿಟ್ಟು ಗುರುತು ಮಾಡಿದ್ದರು, ಅದರ ಪಕ್ಕಕ್ಕೇ. ಅಪ್ಪನನ್ನು ಇಳಿಸಿ ಕೂರಿಸಲು ಹೋದರೆ ನಿಲ್ಲಲಿಲ್ಲ. ಎಡಗಡೆ ಊರಲು ಏನೂ ಇಲ್ಲದೆ ವಾಲಿ ವಾಲಿ ಬೀಳುತ್ತಿದ್ದರು. ಗುಂಡಿಯೊಳಗೆ ಇಳಿದಿದ್ದ ಚಿಕ್ಕಪ್ಪ ಎರಡು ಸಲ ಎತ್ತಿ ಕೂರಿಸಿದರು, ಎರಡು ಸಲವೂ ಅಪ್ಪ ಅವರ ಹೆಗಲ ಮೇಲೆ ಒರಗಿದರು. ಮೂರನೆಯ ಸಲ ಚಿಕ್ಕಪ್ಪ ತಡೆಯಲಾರದೆ ಅಣ್ಣನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು. ಕೊನೆಗೆ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರೇ "ಅದನ್ನೂ ತೆಗೀರಪ್ಪ" ಅಂದರು. ಪಕ್ಕದ ಮಣ್ಣು ಕೆದಕಿ ಬಟ್ಟೆಯ ಗಂಟನ್ನು ತೆಗೆದರು. ಬಲಗಾಲು ಮಡಿಸಿ, ಎಡಗಡೆಗೆ ಆ ಗಂಟನ್ನು ಅಡ್ಡಲಾಗಿ ಇಟ್ಟು ಒತ್ತುಕೊಟ್ಟಾಗ ಅಪ್ಪ ನೆಟ್ಟಗೆ ಕೂತರು. ಅಂಗೈಗೆ ಲಿಂಗ ಇಟ್ಟರು.

ಆ ಟೀವಿಯ ಹೆಂಗಸಿಗೆ ಕೈ ಬಂತೋ ಇಲ್ಲವೋ ನನಗೆ ತಿಳಿಯಲೇ ಇಲ್ಲ. ಅಪ್ಪನಿಗೆ ಕಾಲು ಬಂದದ್ದನ್ನು ನೋಡಿದೆ.

ಇನ್ನೇನು ಮಣ್ಣು ಎಳೆಯಬೇಕು, ಅಮ್ಮ "ತಡೀರಿ" ಅಂದರು. ಅಷ್ಟು ದಿನ ಬೈದು ಬೈದು ಅವರ ಗಂಟಲು ಒಡೆದುಹೋಗಿತ್ತು. ಗುಂಡಿಯ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತು, ಸೆರಗಿನ ಗಂಟು ಬಿಚ್ಚಿ, ಬಾಡಿದ ಎರಡು ಎಲೆ, ಒಂದು ಅಡಿಕೆ ತೆಗೆದು ಅಪ್ಪನ ಮಡಿಲಿಗೆ ಹಾಕಿದರು.

"ತಗೊಳ್ಳಿ. ನಾನೇ ಒಪ್ಸಿದೀನಿ ಕಣ್ರೀ. ಇನ್ನು ಯಾರನ್ನೂ ಕೇಳ್ಬ್ಯಾಡಿ, ಹೋಗಿ."